ಮೋಟರ್ ಸ್ಟಾರ್ಟರ್: ಕೈಗಾರಿಕಾ ಮೋಟರಿಗೆ ತಕ್ಕ ಪ್ರಾರಂಭಕದ ಆಯ್ಕೆ

ನಿಂತಿರುವ ವಿದ್ಯುತ್ ಮೋಟರನ್ನು ಪೂರ್ಣ ವೇಗಕ್ಕೆ ಸುರಕ್ಷಿತವಾಗಿ ತಂದು, ಓಡುವಾಗ ಕಾದು, ಬೇಕಾದಾಗ ನಿಲ್ಲಿಸುವ ಉಪಕರಣವೇ ಮೋಟರ್ ಸ್ಟಾರ್ಟರ್. ಅತಿ ಸರಳ ಸ್ಟಾರ್ಟರಿನಲ್ಲಿ ಮೋಟರನ್ನು ಲೈನಿಗೆ ಸೇರಿಸಿ ಬಿಡಿಸುವ ಒಂದು ಕಾಂಟ್ಯಾಕ್ಟರ್, ಭಾರ ಮಿತಿಮೀರಿದಾಗ ಅದನ್ನು ಬಿಡಿಸುವ ಒಂದು ಓವರ್‌ಲೋಡ್ ರಿಲೇ, ಹಸಿರು ಮತ್ತು ಕೆಂಪು ಗುಂಡಿಗಳಷ್ಟೇ ಇರುತ್ತವೆ. ದೊಡ್ಡ ಸ್ಟಾರ್ಟರಿನಲ್ಲಿ ಟ್ರಾನ್ಸ್‌ಫಾರ್ಮರ್, ರೆಸಿಸ್ಟರ್, ಥೈರಿಸ್ಟರ್ ಅಥವಾ ಪೂರ್ತಿ ಇನ್ವರ್ಟರ್ ಕೂಡ ಇರಬಹುದು. ಮೋಟರಿನ ಅಶ್ವಶಕ್ತಿಯೊಂದನ್ನೇ ನೋಡಿ ಸ್ಟಾರ್ಟರ್ ಆರಿಸುವುದು ಅಂಗಡಿಗಳಲ್ಲೂ ಕಾರ್ಖಾನೆಗಳಲ್ಲೂ ವಾಡಿಕೆ. ಆದರೆ ಒಂದೇ ಅಶ್ವಶಕ್ತಿಯ ಎರಡು ಮೋಟರುಗಳಲ್ಲಿ ಒಂದು ಪಂಪನ್ನೂ ಇನ್ನೊಂದು ಕಲ್ಲುಪುಡಿ ಯಂತ್ರವನ್ನೂ ಓಡಿಸುತ್ತಿದ್ದರೆ ಎರಡಕ್ಕೂ ಒಂದೇ ಸ್ಟಾರ್ಟರ್ ಹೊಂದುವುದಿಲ್ಲ. ಆಯ್ಕೆಯನ್ನು ನಿರ್ಧರಿಸುವ ಪ್ರಶ್ನೆಗಳು ಎರಡು: ಯಂತ್ರ ಅಲುಗಾಡಲು ಎಷ್ಟು ಟಾರ್ಕ್ ಬೇಕು, ಲೈನು ಎಷ್ಟು ಕರೆಂಟನ್ನು ತಾಳಿಕೊಳ್ಳುತ್ತದೆ.

ಮೊದಲ ಕ್ಷಣದ ಕರೆಂಟು

ಕೈಗಾರಿಕೆಯಲ್ಲಿ ಹೆಚ್ಚು ಬಳಕೆಯಲ್ಲಿರುವುದು ಮೂರು ಫೇಸಿನ ಕೇಜ್ ಇಂಡಕ್ಷನ್ ಮೋಟರು. ಸ್ಟೇಟರ್ ಸುರುಳಿಗಳಲ್ಲಿ ಸುತ್ತುವ ಕಾಂತಕ್ಷೇತ್ರ ರೋಟರಿನ ಸರಳುಗಳಲ್ಲಿ ಕರೆಂಟನ್ನು ಪ್ರೇರಿಸುತ್ತದೆ, ಆ ಕರೆಂಟಿನಿಂದ ಟಾರ್ಕ್ ಹುಟ್ಟುತ್ತದೆ. ರೋಟರ್ ನಿಂತಿರುವಾಗ ಸುತ್ತುವ ಕ್ಷೇತ್ರ ಪೂರ್ಣ ವೇಗದಲ್ಲಿ ಅದನ್ನು ಹಾದುಹೋಗುತ್ತಿರುತ್ತದೆ. ಆಗ ಮೋಟರು ಸೆಕೆಂಡರಿ ಶಾರ್ಟ್ ಆದ ಟ್ರಾನ್ಸ್‌ಫಾರ್ಮರಿನಂತೆ ವರ್ತಿಸಿ, ಪೂರ್ಣಭಾರದ ಕರೆಂಟಿನ 6ರಿಂದ 8 ಪಟ್ಟು ಎಳೆಯುತ್ತದೆ. ವೇಗ ಶೇ. 80 ದಾಟುವವರೆಗೂ ಈ ಕರೆಂಟು ಹೆಚ್ಚೇನೂ ಇಳಿಯುವುದಿಲ್ಲ.

ಇದರ ಪರಿಣಾಮ ಮೂರು ಕಡೆ ಕಾಣುತ್ತದೆ. ಲೈನಿನ ವೋಲ್ಟೇಜ್ ಕುಸಿದು ಅದೇ ಟ್ರಾನ್ಸ್‌ಫಾರ್ಮರಿನ ಮೇಲಿರುವ ಇತರ ಯಂತ್ರಗಳ ಕಾಂಟ್ಯಾಕ್ಟರ್‌ಗಳು ಬಿಟ್ಟುಕೊಳ್ಳಬಹುದು. ಮೋಟರಿನ ಸುರುಳಿ ಮತ್ತು ರೋಟರ್ ಬಿಸಿಯಾಗುತ್ತವೆ. ಟಾರ್ಕ್ ಒಮ್ಮೆಲೇ ಬಂದು ಬೆಲ್ಟು, ಕಪ್ಲಿಂಗು, ಗೇರುಗಳಿಗೆ ಹೊಡೆತ ಬೀಳುತ್ತದೆ.

ವೋಲ್ಟೇಜ್ ಇಳಿಸಿದರೆ ಕರೆಂಟು ಇಳಿಯುತ್ತದೆ. ಆದರೆ ಇಲ್ಲೊಂದು ಕಟ್ಟುನಿಟ್ಟಿನ ನಿಯಮವಿದೆ. ಮೋಟರಿನ ಕರೆಂಟು ವೋಲ್ಟೇಜಿಗೆ ಅನುಪಾತದಲ್ಲಿದ್ದರೆ ಟಾರ್ಕ್ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಅರ್ಧ ವೋಲ್ಟೇಜಿನಲ್ಲಿ ಉಳಿಯುವುದು ಕಾಲು ಟಾರ್ಕ್ ಮಾತ್ರ. ಕರೆಂಟನ್ನು ಉಳಿಸಲು ಹೊರಟವರು ಟಾರ್ಕನ್ನು ತೆರಲೇಬೇಕು. ಈ ತೆರಿಗೆಯಿಂದ ತಪ್ಪಿಸಿಕೊಳ್ಳುವ ದಾರಿಗಳು ಎರಡೇ: ರೋಟರಿನ ರೋಧವನ್ನು ಬದಲಿಸುವುದು ಅಥವಾ ಆವರ್ತನವನ್ನೇ ಬದಲಿಸುವುದು.

ಹಿನ್ನೆಲೆ

ಸ್ಟಾರ್ಟರಿನ ಅಗತ್ಯ ಮೊದಲು ಕಂಡದ್ದು ಡಿ.ಸಿ. ಮೋಟರುಗಳಲ್ಲಿ. ನಿಂತ ಆರ್ಮೆಚರಿನಲ್ಲಿ ಹಿಮ್ಮುಖ ವೋಲ್ಟೇಜ್ ಇರುವುದಿಲ್ಲ. 220 ವೋಲ್ಟಿನ ಮೋಟರಿನ ಆರ್ಮೆಚರ್ ರೋಧ 0.5 ಓಮ್ ಆಗಿದ್ದರೆ ಸ್ವಿಚ್ ಹಾಕಿದ ಕ್ಷಣ 440 ಆಂಪಿಯರ್ ಹರಿಯುತ್ತದೆ. ಇದನ್ನು ತಡೆಯಲು ಹಿಡಿಕೆಯನ್ನು ಹಂತಹಂತವಾಗಿ ತಿರುಗಿಸಿ ರೋಧವನ್ನು ಕಳೆಯುವ ಮೂರು ಬಿಂದು, ನಾಲ್ಕು ಬಿಂದು ಸ್ಟಾರ್ಟರುಗಳು ಬಂದವು. ಕರೆಂಟು ಹೋದಾಗ ಹಿಡಿಕೆಯನ್ನು ಬಿಟ್ಟುಬಿಡುವ ನೋ-ವೋಲ್ಟ್ ಕಾಯಿಲ್ ಅವುಗಳಿಂದಲೇ ಇಂದಿನ ಸ್ಟಾರ್ಟರುಗಳಿಗೆ ಉಳಿದು ಬಂದ ಪದ್ಧತಿ.

ನಿಕೊಲಾ ಟೆಸ್ಲಾ 1888ರಲ್ಲಿ ಬಹುಫೇಸ್ ಮೋಟರಿನ ಪೇಟೆಂಟುಗಳನ್ನು ಪಡೆದರು. ಮರುವರ್ಷ ಜರ್ಮನಿಯ ಎಇಜಿ ಕಂಪನಿಯ ಮಿಖಾಯಿಲ್ ದೊಲಿವೊ-ದೊಬ್ರೊವೊಲ್ಸ್ಕಿ ಮೂರು ಫೇಸಿನ ಕೇಜ್ ಮೋಟರನ್ನು ರೂಪಿಸಿದರು. 1957ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಥೈರಿಸ್ಟರ್ ತಯಾರಾದ ಮೇಲೆ ಚಲಿಸುವ ಭಾಗಗಳಿಲ್ಲದ ಸ್ಟಾರ್ಟರುಗಳಿಗೆ ದಾರಿ ತೆರೆಯಿತು.

ಕರ್ನಾಟಕದಲ್ಲಿ ಕೈಗಾರಿಕಾ ವಿದ್ಯುತ್ತಿನ ಕಥೆ ಶುರುವಾಗುವುದು ಗಣಿಗಳಿಂದ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತನ್ನು ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗಳಿಗೆ ಒಯ್ದದ್ದು ಅಲ್ಲಿನ ಯಂತ್ರಗಳನ್ನು ಓಡಿಸಲು. ಮುಂದೆ 1946ರಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್, ಅನಂತರದ ದಶಕದಲ್ಲಿ ಎನ್‌ಜಿಇಎಫ್ ಸ್ಥಾಪನೆಗೊಂಡು ಬೆಂಗಳೂರು ಮೋಟರು ತಯಾರಿಕೆಯ ನೆಲೆಯಾಯಿತು.

ಭಾರದ ಸ್ವಭಾವ

ಮೋಟರು ಎಳೆಯುವ ಯಂತ್ರಗಳನ್ನು ಪ್ರಾರಂಭದ ದೃಷ್ಟಿಯಿಂದ ನಾಲ್ಕು ಗುಂಪು ಮಾಡಬಹುದು.

ಸೆಂಟ್ರಿಫ್ಯೂಗಲ್ ಪಂಪು ಮತ್ತು ಬ್ಲೋವರುಗಳಲ್ಲಿ ಟಾರ್ಕ್ ವೇಗದ ವರ್ಗದಂತೆ ಏರುತ್ತದೆ. ಶುರುವಿನಲ್ಲಿ ಶೇ. 10ರಿಂದ 20ರಷ್ಟು ಸಾಕು. ಕವಾಟ ಮುಚ್ಚಿ ಚಾಲೂ ಮಾಡಿದರೆ ಕೊನೆಯವರೆಗೂ ಭಾರ ಹಗುರ.

ದೊಡ್ಡ ಫ್ಯಾನು, ಸೆಂಟ್ರಿಫ್ಯೂಜ್, ಫ್ಲೈವೀಲ್ ಇರುವ ಪ್ರೆಸ್ಸು, ಗ್ರಾನೈಟ್ ಸೀಳುವ ಗರಗಸಗಳಲ್ಲಿ ತೊಡಕು ಟಾರ್ಕಿನದಲ್ಲ, ಜಡತ್ವದ್ದು. ತೂಕದ ಚಕ್ರ ವೇಗಕ್ಕೆ ಬರಲು 20, 30 ಸೆಕೆಂಡ್ ಹಿಡಿಯಬಹುದು. ಅಷ್ಟೂ ಹೊತ್ತು ಮೋಟರು ಹೆಚ್ಚಿನ ಕರೆಂಟಿನಲ್ಲಿ ಕಾಯುತ್ತಿರುತ್ತದೆ.

ಸರಕು ತುಂಬಿದ ಕನ್ವೇಯರ್, ಎತ್ತುಯಂತ್ರ, ಪಿಸ್ಟನ್ ಪಂಪುಗಳಿಗೆ ಮೊದಲ ಅಂಗುಲದಿಂದಲೇ ಪೂರ್ಣ ಟಾರ್ಕ್ ಬೇಕು. ರಾತ್ರಿಯಿಡೀ ಅದುರು ಹೊತ್ತು ನಿಂತ ಬೆಲ್ಟನ್ನು ಬೆಳಗ್ಗೆ ಅಲುಗಿಸಲು ಪೂರ್ಣಭಾರದ ಒಂದೂವರೆ ಪಟ್ಟು ಟಾರ್ಕ್ ಬೇಕಾಗುವುದೂ ಉಂಟು.

ಸಿಮೆಂಟ್ ಕಾರ್ಖಾನೆಯ ಬಾಲ್ ಮಿಲ್, ಕ್ರಷರುಗಳಲ್ಲಿ ಹೆಚ್ಚಿನ ಟಾರ್ಕ್ ಮತ್ತು ಹೆಚ್ಚಿನ ಜಡತ್ವ ಎರಡೂ ಸೇರಿರುತ್ತವೆ. ಕಂಪ್ರೆಸರುಗಳಲ್ಲಿ ಗಾಳಿಯನ್ನು ಹೊರಬಿಟ್ಟು ಭಾರವಿಲ್ಲದೆ ಚಾಲೂ ಮಾಡುವ ಏರ್ಪಾಡು ಇದ್ದರೆ ಕಷ್ಟ ಅರ್ಧ ಕಡಿಮೆಯಾಗುತ್ತದೆ.

ಸ್ಟಾರ್ಟರಿನ ವಿಧಗಳು

*ಡಿಒಎಲ್ (ಡೈರೆಕ್ಟ್ ಆನ್ ಲೈನ್) ಸ್ಟಾರ್ಟರ್.* ಮೋಟರನ್ನು ಪೂರ್ಣ ವೋಲ್ಟೇಜಿಗೆ ನೇರವಾಗಿ ಸೇರಿಸುವ ಪದ್ಧತಿ. ಅಗ್ಗ, ಸರಳ, ರಿಪೇರಿಗೆ ಸುಲಭ. ಮೋಟರಿನ ಪೂರ್ತಿ ಟಾರ್ಕ್ ದೊರೆತು ಯಂತ್ರ ಬೇಗ ವೇಗಕ್ಕೆ ಬರುತ್ತದೆ. ಟ್ರಾನ್ಸ್‌ಫಾರ್ಮರ್ ದೊಡ್ಡದಿದ್ದು, ಯಂತ್ರ ಹೊಡೆತ ತಾಳುವಂತಿದ್ದರೆ ನೂರಾರು ಕಿಲೋವಾಟಿನ ಮೋಟರಿಗೂ ಇದನ್ನೇ ಬಳಸುವುದು ತಪ್ಪಲ್ಲ. ಚಿಕ್ಕ ಮೋಟರಿಗಷ್ಟೇ ಡಿಒಎಲ್ ಎಂಬ ನಂಬಿಕೆ ಬಂದಿರುವುದು ಬಹುಮಟ್ಟಿಗೆ ವಿದ್ಯುತ್ ಸರಬರಾಜು ಕಂಪನಿಗಳ ಷರತ್ತುಗಳಿಂದ.

*ಸ್ಟಾರ್-ಡೆಲ್ಟಾ ಸ್ಟಾರ್ಟರ್.* ಡೆಲ್ಟಾದಲ್ಲಿ ಓಡಬೇಕಾದ ಮೋಟರನ್ನು ಮೊದಲು ಸ್ಟಾರ್ ಜೋಡಣೆಯಲ್ಲಿ ಚಾಲೂ ಮಾಡಿ, ಕೆಲವು ಸೆಕೆಂಡುಗಳ ನಂತರ ಟೈಮರ್ ಮೂಲಕ ಡೆಲ್ಟಾಕ್ಕೆ ಬದಲಿಸಲಾಗುತ್ತದೆ. ಸ್ಟಾರಿನಲ್ಲಿ ಪ್ರತಿ ಸುರುಳಿಗೆ ಶೇ. 58 ವೋಲ್ಟೇಜ್ ಸಿಗುವುದರಿಂದ ಲೈನ್ ಕರೆಂಟು ಮತ್ತು ಟಾರ್ಕ್ ಎರಡೂ ಮೂರನೇ ಒಂದಕ್ಕೆ ಇಳಿಯುತ್ತವೆ. ಸುರುಳಿಗಳ ಆರು ತುದಿಗಳೂ ಟರ್ಮಿನಲ್ ಪೆಟ್ಟಿಗೆಗೆ ಬಂದಿರಬೇಕು, ಮೋಟರು 415 ವೋಲ್ಟಿಗೆ ಡೆಲ್ಟಾದಲ್ಲಿ ಓಡುವಂಥದ್ದಾಗಿರಬೇಕು. ನೇಮ್‌ಪ್ಲೇಟಿನಲ್ಲಿ 230/400 ಎಂದಿರುವ ಚಿಕ್ಕ ಮೋಟರು ನಮ್ಮ ಲೈನಿನಲ್ಲಿ ಸ್ಟಾರಿನಲ್ಲೇ ಓಡಬೇಕಾದದ್ದು. ಅದಕ್ಕೆ ಸ್ಟಾರ್-ಡೆಲ್ಟಾ ಹಾಕಿದರೆ ಡೆಲ್ಟಾಕ್ಕೆ ಬಂದೊಡನೆ ಸುರುಳಿ ಸುಡುತ್ತದೆ.

ಇದರ ದುರ್ಬಲ ಬಿಂದು ಬದಲಾವಣೆಯ ಕ್ಷಣ. ಸ್ಟಾರ್ ಬಿಟ್ಟು ಡೆಲ್ಟಾ ಹಿಡಿಯುವ ನಡುವೆ ಮೋಟರು ಲೈನಿನಿಂದ ಪೂರ್ತಿ ಕಳಚಿಕೊಂಡಿರುತ್ತದೆ. ರೋಟರಿನಲ್ಲಿ ಉಳಿದ ಕಾಂತತೆ ಸುರುಳಿಗಳಲ್ಲಿ ವೋಲ್ಟೇಜ್ ಹುಟ್ಟಿಸುತ್ತಲೇ ಇರುತ್ತದೆ. ಅದು ಲೈನಿನೊಂದಿಗೆ ತಾಳ ತಪ್ಪಿದಾಗ ಡೆಲ್ಟಾ ಸೇರಿದರೆ ಒಂದು ಕ್ಷಣ ಡಿಒಎಲ್‌ಗಿಂತ ಹೆಚ್ಚಿನ ಕರೆಂಟು ಜಿಗಿಯಬಹುದು. ಭಾರದ ಟಾರ್ಕ್ ಹೆಚ್ಚಾಗಿದ್ದರೆ ಇನ್ನೊಂದು ತೊಂದರೆ: ಮೋಟರು ಸ್ಟಾರಿನಲ್ಲಿ ಅರ್ಧ ವೇಗಕ್ಕೆ ಬಂದು ಅಲ್ಲೇ ತೂಗಾಡುತ್ತದೆ, ಟೈಮರ್ ಬಡಿದಾಗ ಡೆಲ್ಟಾದಲ್ಲಿ ಪೂರ್ತಿ ಪ್ರಾರಂಭದ ಕರೆಂಟೇ ಹರಿಯುತ್ತದೆ. ಹಣ ಖರ್ಚಾಗಿ ಲಾಭ ಶೂನ್ಯ. ಹಗುರ ಭಾರದಲ್ಲಿ ಶುರುವಾಗುವ ಪಂಪು, ಫ್ಯಾನು, ಲೇತುಗಳಿಗೆ ಈ ಪದ್ಧತಿ ತಕ್ಕದ್ದು.

*ಆಟೋಟ್ರಾನ್ಸ್‌ಫಾರ್ಮರ್ ಸ್ಟಾರ್ಟರ್.* ಶೇ. 50, 65, 80ರ ಟ್ಯಾಪುಗಳಿರುವ ಟ್ರಾನ್ಸ್‌ಫಾರ್ಮರಿನ ಮೂಲಕ ಮೋಟರಿಗೆ ಕಡಿಮೆ ವೋಲ್ಟೇಜ್ ಕೊಡಲಾಗುತ್ತದೆ. ಟಾರ್ಕ್ ಟ್ಯಾಪಿನ ವರ್ಗದಂತೆ ಇಳಿದರೂ ಟ್ರಾನ್ಸ್‌ಫಾರ್ಮರಿನ ಗುಣದಿಂದ ಲೈನ್ ಕರೆಂಟು ಕೂಡ ವರ್ಗದಂತೆಯೇ ಇಳಿಯುತ್ತದೆ. ಹೀಗಾಗಿ ಲೈನಿನಿಂದ ಎಳೆದ ಪ್ರತಿ ಆಂಪಿಯರಿಗೆ ಸಿಗುವ ಟಾರ್ಕಿನಲ್ಲಿ ನಷ್ಟವಿಲ್ಲ. ಮೂರೇ ತಂತಿಯ ಮೋಟರಿಗೂ ನಡೆಯುತ್ತದೆ. ಕೋರ್ನ್‌ಡಾರ್ಫರ್ ಜೋಡಣೆಯಲ್ಲಿ ಮೋಟರು ಲೈನಿನಿಂದ ಕಳಚಿಕೊಳ್ಳದೆಯೇ ಬದಲಾವಣೆ ಮುಗಿಯುತ್ತದೆ. ಗಾತ್ರ, ತೂಕ ಮತ್ತು ಗಂಟೆಗೆ ಕೆಲವೇ ಸಲ ಚಾಲೂ ಮಾಡಬಹುದೆಂಬ ಮಿತಿ ಇದರ ಕೊರತೆಗಳು.

*ಸಾಫ್ಟ್ ಸ್ಟಾರ್ಟರ್.* ಪ್ರತಿ ಫೇಸಿನಲ್ಲಿ ಬೆನ್ನಿಗೆ ಬೆನ್ನು ಕೊಟ್ಟ ಎರಡು ಥೈರಿಸ್ಟರುಗಳು ತರಂಗದ ಒಂದು ಭಾಗವನ್ನಷ್ಟೇ ಬಿಟ್ಟು ವೋಲ್ಟೇಜನ್ನು ನಿಧಾನವಾಗಿ ಏರಿಸುತ್ತವೆ. ಕರೆಂಟಿಗೆ ಮಿತಿ ಹಾಕಬಹುದು, ಏರಿಕೆಯ ಸಮಯವನ್ನು ಹೊಂದಿಸಬಹುದು. ಪೂರ್ಣ ವೇಗ ಬಂದ ಮೇಲೆ ಬೈಪಾಸ್ ಕಾಂಟ್ಯಾಕ್ಟರ್ ಹಿಡಿದು ಥೈರಿಸ್ಟರುಗಳಿಗೆ ವಿಶ್ರಾಂತಿ ಕೊಡುತ್ತದೆ. ಇದರ ದೊಡ್ಡ ಉಪಕಾರ ಕಾಣುವುದು ಮೋಟರು ನಿಲ್ಲುವಾಗ. ಎತ್ತರಕ್ಕೆ ನೀರೆತ್ತುವ ಉದ್ದದ ಕೊಳವೆಯಲ್ಲಿ ಪಂಪು ಫಕ್ಕನೆ ನಿಂತರೆ ಹಿಂದಿರುಗುವ ನೀರು ಕವಾಟಕ್ಕೆ ಅಪ್ಪಳಿಸಿ ಕೊಳವೆಯೇ ಒಡೆಯಬಹುದು. ಸಾಫ್ಟ್ ಸ್ಟಾಪ್ ಈ ಜಲಾಘಾತವನ್ನು ಬಹಳವಾಗಿ ತಗ್ಗಿಸುತ್ತದೆ. ಆದರೆ ಕರೆಂಟು ಹೋದಾಗ ಸಾಫ್ಟ್ ಸ್ಟಾಪ್ ಕೂಡ ಇಲ್ಲವಾಗುವುದರಿಂದ ಕೊಳವೆಮಾರ್ಗಕ್ಕೆ ಅದರದೇ ರಕ್ಷಣೆ ಇರಬೇಕು.

*ವಿಎಫ್‌ಡಿ.* ವೇರಿಯಬಲ್ ಫ್ರೀಕ್ವೆನ್ಸಿ ಡ್ರೈವ್, ಅಂದರೆ ಎ.ಸಿ.ಯನ್ನು ಡಿ.ಸಿ. ಮಾಡಿ, ಬೇಕಾದ ಆವರ್ತನದ ಎ.ಸಿ.ಯಾಗಿ ಮತ್ತೆ ತಯಾರಿಸುವ ಉಪಕರಣ. ವೋಲ್ಟೇಜ್ ಮತ್ತು ಆವರ್ತನ ಜೊತೆಯಾಗಿ ಏರುವುದರಿಂದ ಮೋಟರಿನ ಕಾಂತಕ್ಷೇತ್ರ ಕುಗ್ಗುವುದಿಲ್ಲ. ಪೂರ್ಣಭಾರದ ಒಂದರಿಂದ ಒಂದೂವರೆ ಪಟ್ಟು ಕರೆಂಟಿನಲ್ಲೇ ಪೂರ್ಣ ಟಾರ್ಕ್ ಸಿಗುತ್ತದೆ. ವೇಗವನ್ನು ಬದಲಿಸಬೇಕಾದ ಕಡೆ ಇದರ ಬೆಲೆ ವಿದ್ಯುತ್ ಬಿಲ್ಲಿನಲ್ಲೇ ಮರಳಿ ಬರುತ್ತದೆ. ಫ್ಯಾನಿನ ವೇಗವನ್ನು ಶೇ. 80ಕ್ಕೆ ಇಳಿಸಿದರೆ ಅದು ಬೇಡುವ ಶಕ್ತಿ ಸುಮಾರು ಅರ್ಧವಾಗುತ್ತದೆ. ಸದಾ ಒಂದೇ ವೇಗದಲ್ಲಿ ಓಡುವ ಯಂತ್ರದಲ್ಲಿ ಈ ಉಳಿತಾಯವಿಲ್ಲ, ಬದಲಿಗೆ ಡ್ರೈವಿನೊಳಗೇ ಕೆಲವು ಶೇಕಡಾ ನಷ್ಟ. ಲೈನಿನ ತರಂಗವನ್ನು ಕೆಡಿಸುವ ಹಾರ್ಮೋನಿಕ್ಸ್, ಉದ್ದ ಕೇಬಲಿನ ತುದಿಯಲ್ಲಿ ಏಳುವ ವೋಲ್ಟೇಜ್ ಶಿಖರಗಳು, ಬೇರಿಂಗಿನ ಮೂಲಕ ಹರಿಯುವ ಕರೆಂಟು ಇವುಗಳಿಗೆ ಪರಿಹಾರ ಯೋಜಿಸಬೇಕು. ಸಾಫ್ಟ್ ಸ್ಟಾರ್ಟರಿನಲ್ಲಾಗಲಿ ವಿಎಫ್‌ಡಿಯಲ್ಲಾಗಲಿ ಮೋಟರಿನ ಕಡೆಗೆ ಪವರ್ ಫ್ಯಾಕ್ಟರ್ ಕೆಪ್ಯಾಸಿಟರ್ ಜೋಡಿಸಕೂಡದು.

*ರೋಟರ್ ರೋಧದ ಸ್ಟಾರ್ಟರ್.* ಸ್ಲಿಪ್ ರಿಂಗ್ ಮೋಟರಿನಲ್ಲಿ ರೋಟರಿನ ಸುರುಳಿಗೆ ಹೊರಗಿನಿಂದ ರೋಧ ಸೇರಿಸಬಹುದು. ರೋಧ ಬದಲಾದರೂ ಗರಿಷ್ಠ ಟಾರ್ಕಿನ ಪ್ರಮಾಣ ಬದಲಾಗುವುದಿಲ್ಲ, ಅದು ಯಾವ ವೇಗದಲ್ಲಿ ಸಿಗುತ್ತದೆ ಎಂಬುದು ಮಾತ್ರ ಬದಲಾಗುತ್ತದೆ. ತಕ್ಕ ರೋಧ ಹಾಕಿದರೆ ನಿಂತಲ್ಲೇ ಗರಿಷ್ಠ ಟಾರ್ಕ್ ದೊರೆಯುತ್ತದೆ, ಕರೆಂಟೂ ಹತೋಟಿಯಲ್ಲಿರುತ್ತದೆ. ಕ್ರೇನ್, ಬಾಲ್ ಮಿಲ್, ಗಣಿಯ ಎತ್ತುಯಂತ್ರಗಳಲ್ಲಿ ಇದು ದೀರ್ಘಕಾಲ ಆಳಿತು. ಬ್ರಷ್ಷು ಮತ್ತು ರಿಂಗುಗಳ ನಿರ್ವಹಣೆಯ ಹೊರೆಯಿಂದ ಹೊಸ ಸ್ಥಾವರಗಳಲ್ಲಿ ವಿಎಫ್‌ಡಿಗೆ ಜಾಗ ಬಿಡುತ್ತಿದೆ.

ಒಂದು ಲೆಕ್ಕ

37 ಕಿಲೋವಾಟ್, ಅಂದರೆ 50 ಅಶ್ವಶಕ್ತಿಯ, 415 ವೋಲ್ಟಿನ ಮೋಟರನ್ನು ತೆಗೆದುಕೊಳ್ಳೋಣ. ಪೂರ್ಣಭಾರದ ಕರೆಂಟು ಸುಮಾರು 65 ಆಂಪಿಯರ್. ಪ್ರಾರಂಭದ ಕರೆಂಟು ಅದರ 6.5 ಪಟ್ಟು, ಪ್ರಾರಂಭದ ಟಾರ್ಕ್ ಪೂರ್ಣಭಾರದ ಶೇ. 200 ಎಂದಿಟ್ಟುಕೊಂಡರೆ:

| ಸ್ಟಾರ್ಟರ್ | ಲೈನ್ ಕರೆಂಟು (ಆಂಪಿಯರ್) | ಪ್ರಾರಂಭದ ಟಾರ್ಕ್ (ಶೇ.) |
|---|---|---|
| ಡಿಒಎಲ್ | 420 | 200 |
| ಸ್ಟಾರ್-ಡೆಲ್ಟಾ | 140 | 67 |
| ಆಟೋಟ್ರಾನ್ಸ್‌ಫಾರ್ಮರ್, ಶೇ. 65 ಟ್ಯಾಪ್ | 177 | 84 |
| ಆಟೋಟ್ರಾನ್ಸ್‌ಫಾರ್ಮರ್, ಶೇ. 80 ಟ್ಯಾಪ್ | 270 | 128 |
| ಸಾಫ್ಟ್ ಸ್ಟಾರ್ಟರ್, 3.5 ಪಟ್ಟು ಮಿತಿ | 228 | 58 |
| ವಿಎಫ್‌ಡಿ | 100ರ ಒಳಗೆ | 100ರಿಂದ 150 |

ಕೋಷ್ಟಕದಲ್ಲಿ ಗಮನಿಸಬೇಕಾದ ಸಾಲು ಸಾಫ್ಟ್ ಸ್ಟಾರ್ಟರಿನದು. ಅದು ಸ್ಟಾರ್-ಡೆಲ್ಟಾಗಿಂತ ಹೆಚ್ಚು ಕರೆಂಟು ಎಳೆದರೂ ಕಡಿಮೆ ಟಾರ್ಕ್ ಕೊಡುತ್ತದೆ. ಥೈರಿಸ್ಟರಿನಲ್ಲಿ ಮೋಟರಿನ ಕರೆಂಟೇ ಲೈನಿನ ಕರೆಂಟು. ಅದು ವೋಲ್ಟೇಜಿನಷ್ಟೇ ಇಳಿದರೆ ಟಾರ್ಕ್ ವರ್ಗದಂತೆ ಇಳಿಯುತ್ತದೆ. ಸಾಫ್ಟ್ ಸ್ಟಾರ್ಟರನ್ನು ಕೊಳ್ಳಬೇಕಾದದ್ದು ಮೃದುತ್ವಕ್ಕಾಗಿ, ಯಂತ್ರದ ಆಯುಷ್ಯಕ್ಕಾಗಿ. ದುರ್ಬಲ ಲೈನಿನ ಮೇಲೆ ಭಾರದ ಯಂತ್ರವನ್ನು ಎಬ್ಬಿಸಲು ಅದನ್ನು ನೆಚ್ಚಿದರೆ ಮೋಟರು ಗುಂಯ್‌ಗುಡುತ್ತ ನಿಂತೇ ಇರುತ್ತದೆ.

ಇದೇ ಮೋಟರನ್ನು ಶೇ. 4.5 ಇಂಪಿಡೆನ್ಸಿನ 250 ಕೆವಿಎ ಟ್ರಾನ್ಸ್‌ಫಾರ್ಮರಿನ ಮೇಲೆ ಡಿಒಎಲ್‌ನಲ್ಲಿ ಚಾಲೂ ಮಾಡಿದರೆ ಟ್ರಾನ್ಸ್‌ಫಾರ್ಮರಿನಲ್ಲೇ ವೋಲ್ಟೇಜ್ ಸುಮಾರು ಶೇ. 5 ಕುಸಿಯುತ್ತದೆ. 100 ಕೆವಿಎ ಆದರೆ ಕುಸಿತ ಸುಮಾರು ಶೇ. 12, ಕೇಬಲ್ಲಿನ ಕುಸಿತ ಬೇರೆ. ಮೊದಲನೆಯ ಕಡೆ ಡಿಒಎಲ್ ಸಲ್ಲುತ್ತದೆ, ಎರಡನೆಯ ಕಡೆ ನೆರೆಯ ಯಂತ್ರಗಳು ತಡವರಿಸುತ್ತವೆ. ಮೋಟರು ಬದಲಾಗಿಲ್ಲ, ಉತ್ತರ ಬದಲಾಗಿದೆ.

ರೋಟರಿನ ಬಿಸಿ

ವೋಲ್ಟೇಜ್ ಇಳಿಸಿ ಚಾಲೂ ಮಾಡಿದರೆ ಮೋಟರು ಕಡಿಮೆ ಬಿಸಿಯಾಗುತ್ತದೆ ಎಂಬ ಅಭಿಪ್ರಾಯ ಸಾಮಾನ್ಯ. ಲೆಕ್ಕ ಬೇರೆಯೇ ಹೇಳುತ್ತದೆ. ಸ್ಥಿರ ಆವರ್ತನದ ಲೈನಿನಲ್ಲಿ, ಬೇರೆ ಭಾರವಿಲ್ಲದಾಗ, ಒಂದು ಚಕ್ರವನ್ನು ಪೂರ್ಣ ವೇಗಕ್ಕೆ ತರುವಷ್ಟರಲ್ಲಿ ಅದರಲ್ಲಿ ಶೇಖರವಾದ ಚಲನಶಕ್ತಿಯಷ್ಟೇ ಶಕ್ತಿ ರೋಟರಿನಲ್ಲಿ ಶಾಖವಾಗುತ್ತದೆ. ಬೇಗ ಏರಿದರೂ ನಿಧಾನವಾಗಿ ಏರಿದರೂ ಮೊತ್ತ ಅಷ್ಟೇ. ಭಾರವೂ ಇದ್ದರೆ ನಿಧಾನದ ಏರಿಕೆಯಲ್ಲಿ ಶಾಖ ಇನ್ನೂ ಹೆಚ್ಚು. ಹೆಚ್ಚಿನ ಜಡತ್ವದ ಯಂತ್ರಕ್ಕೆ ಸ್ಟಾರ್-ಡೆಲ್ಟಾ ಹಾಕಿದಾಗ ರೋಟರ್ ಸರಳುಗಳು ಬಿರುಕು ಬಿಡುವುದಕ್ಕೆ ಇದೇ ಕಾರಣ. ಸ್ಲಿಪ್ ರಿಂಗ್ ಮೋಟರಿನಲ್ಲಿ ಈ ಶಾಖದ ಬಹುಭಾಗ ಹೊರಗಿನ ರೋಧಕ್ಕೆ ಹೋಗುತ್ತದೆ. ವಿಎಫ್‌ಡಿಯಲ್ಲಿ ಸ್ಲಿಪ್, ಅಂದರೆ ಸುತ್ತುವ ಕ್ಷೇತ್ರಕ್ಕೂ ರೋಟರಿಗೂ ನಡುವಿನ ವೇಗದ ವ್ಯತ್ಯಾಸ, ಸದಾ ಚಿಕ್ಕದಿರುವುದರಿಂದ ಶಾಖ ಹುಟ್ಟುವುದೇ ಕಡಿಮೆ. ಸಾಮಾನ್ಯ ಕೇಜ್ ಮೋಟರನ್ನು ತಣ್ಣಗಿರುವಾಗ ಸಾಲಾಗಿ ಎರಡು ಸಲ, ಬಿಸಿಯಾಗಿರುವಾಗ ಒಂದು ಸಲ ಚಾಲೂ ಮಾಡಬಹುದೆಂಬ ರೂಢಿಯ ಮಿತಿ ಬಂದಿರುವುದೂ ಇದರಿಂದಲೇ.

ಕಾಂಟ್ಯಾಕ್ಟರ್, ರಿಲೇ ಮತ್ತು ಮಾನಕಗಳು

ಸ್ಟಾರ್ಟರಿನ ಭಾಗಗಳನ್ನು ಆರಿಸಲು ಭಾರತದಲ್ಲಿ ಐಎಸ್/ಐಇಸಿ 60947-4-1 ಮಾನಕ ಬಳಕೆಯಲ್ಲಿದೆ. ಅದು ಕಾಂಟ್ಯಾಕ್ಟರ್‌ಗಳನ್ನು ಕೆಲಸದ ಬಗೆಗೆ ತಕ್ಕಂತೆ ವಿಂಗಡಿಸುತ್ತದೆ. ಎಸಿ-2 ಸ್ಲಿಪ್ ರಿಂಗ್ ಮೋಟರುಗಳಿಗೆ, ಎಸಿ-3 ಕೇಜ್ ಮೋಟರನ್ನು ಚಾಲೂ ಮಾಡಿ ಓಡುವಾಗ ನಿಲ್ಲಿಸುವ ಕೆಲಸಕ್ಕೆ, ಎಸಿ-4 ಪದೇಪದೇ ಇಂಚಿಂಗ್ (ಚೂರುಚೂರೇ ಓಡಿಸುವುದು), ಹಿಮ್ಮುಖ ತಿರುವು ಇರುವ ಕೆಲಸಕ್ಕೆ. ಎಸಿ-3ರಲ್ಲಿ ಕಾಂಟ್ಯಾಕ್ಟುಗಳು 6 ಪಟ್ಟು ಕರೆಂಟಿನಲ್ಲಿ ಸೇರಿದರೂ ಬಿಡುವುದು ಸಾಮಾನ್ಯ ಕರೆಂಟಿನಲ್ಲಿ. ಎಸಿ-4ರಲ್ಲಿ ಬಿಡುವುದೂ 6 ಪಟ್ಟಿನಲ್ಲೇ. ಹಾಗಾಗಿ ಕ್ರೇನಿಗೆ ಎಸಿ-3 ಲೆಕ್ಕದ ಕಾಂಟ್ಯಾಕ್ಟರ್ ಹಾಕಿದರೆ ಅದರ ಪಾಯಿಂಟುಗಳು ಬೇಗನೆ ಸವೆಯುತ್ತವೆ. ಐಇ3ಯಂಥ ಹೆಚ್ಚು ದಕ್ಷತೆಯ ಮೋಟರುಗಳು ಪ್ರಾರಂಭದಲ್ಲಿ ಇನ್ನೂ ಹೆಚ್ಚು ಎಳೆಯುವುದರಿಂದ ಎಸಿ-3ಇ ಎಂಬ ವರ್ಗವೂ ಸೇರಿದೆ.

ಓವರ್‌ಲೋಡ್ ರಿಲೇಯ ಟ್ರಿಪ್ ವರ್ಗ ಏರಿಕೆಯ ಸಮಯಕ್ಕೆ ಹೊಂದಬೇಕು. 7.2 ಪಟ್ಟು ಕರೆಂಟಿನಲ್ಲಿ ವರ್ಗ 10ರ ರಿಲೇ 10 ಸೆಕೆಂಡಿನೊಳಗೆ, ವರ್ಗ 20ರದು 20, ವರ್ಗ 30ರದು 30 ಸೆಕೆಂಡಿನೊಳಗೆ ಟ್ರಿಪ್ ಆಗುತ್ತದೆ. ಭಾರಿ ಫ್ಯಾನಿಗೆ ವರ್ಗ 10 ಇಟ್ಟರೆ ಪ್ರತಿ ಸಲ ವೇಗಕ್ಕೆ ಬರುವ ಮೊದಲೇ ಟ್ರಿಪ್. ಬೇಸತ್ತ ಆಪರೇಟರು ಸೆಟ್ಟಿಂಗ್ ಏರಿಸುತ್ತಾನೆ, ಅಲ್ಲಿಗೆ ರಕ್ಷಣೆ ಹೋಯಿತು.

ಸ್ಟಾರ್-ಡೆಲ್ಟಾದಲ್ಲಿ ರಿಲೇ ಎಲ್ಲಿದೆ ಎಂಬುದನ್ನು ನೋಡಿಯೇ ಸೆಟ್ ಮಾಡಬೇಕು. ಮೇನ್ ಕಾಂಟ್ಯಾಕ್ಟರಿನ ಕೆಳಗೆ, ಸುರುಳಿಯ ದಾರಿಯಲ್ಲಿ ಕುಳಿತ ರಿಲೇಯಲ್ಲಿ ಹರಿಯುವುದು ಲೈನಿನ ಶೇ. 58 ಮಾತ್ರ. ಮೇಲಿನ 65 ಆಂಪಿಯರ್ ಮೋಟರಿಗೆ ಅದನ್ನು 38ಕ್ಕೆ ಇಡಬೇಕು. ನೇಮ್‌ಪ್ಲೇಟ್ ನೋಡಿ 65ಕ್ಕೆ ಇಟ್ಟರೆ ಶೇ. 70ರಷ್ಟು ಹೆಚ್ಚುವರಿ ಭಾರ ಬಿದ್ದರೂ ರಿಲೇ ಸುಮ್ಮನಿರುತ್ತದೆ.

ಶಾರ್ಟ್ ಸರ್ಕ್ಯೂಟಿನ ರಕ್ಷಣೆಯಲ್ಲಿ ಎರಡು ದರ್ಜೆಗಳಿವೆ. ಟೈಪ್ 1ರಲ್ಲಿ ದೋಷದ ನಂತರ ಸ್ಟಾರ್ಟರಿನ ಭಾಗಗಳನ್ನು ಬದಲಿಸಬೇಕಾಗಬಹುದು. ಟೈಪ್ 2ರಲ್ಲಿ ಪಾಯಿಂಟುಗಳು ಹಗುರವಾಗಿ ಅಂಟಿದರೂ ಬಿಡಿಸಿ ಮತ್ತೆ ಬಳಸುವಂತಿರಬೇಕು. ನಿಂತರೆ ಇಡೀ ಘಟಕವೇ ನಿಲ್ಲುವ ಮೋಟರಿಗೆ ಟೈಪ್ 2ನ್ನೇ ಕೇಳುವುದು ವಿವೇಕ.

ನೀರಾವರಿ ಪಂಪುಗಳು

ಕರ್ನಾಟಕದ ಬಹುಪಾಲು ಜನರಿಗೆ ಸ್ಟಾರ್ಟರ್ ಪರಿಚಯವಾದದ್ದು ಕಾರ್ಖಾನೆಯಲ್ಲಲ್ಲ, ಹೊಲದ ಪಂಪುಮನೆಯಲ್ಲಿ. ಲೈನಿನ ಕೊನೆಯಲ್ಲಿ 415ರ ಬದಲು 330 ವೋಲ್ಟ್ ಬಂದರೆ ಮೋಟರಿನ ಟಾರ್ಕ್ ಶೇ. 63ಕ್ಕೆ ಇಳಿಯುತ್ತದೆ, ಸ್ಟಾರ್-ಡೆಲ್ಟಾದಲ್ಲಿ ಅದರ ಮೂರನೇ ಒಂದು ಮಾತ್ರ. ಕಾಂಟ್ಯಾಕ್ಟರಿನ ಕಾಯಿಲ್ ಹಿಡಿಯಲು ಮಾನಕದ ಪ್ರಕಾರ ಶೇ. 85 ವೋಲ್ಟೇಜ್ ಬೇಕು. ಅದಕ್ಕಿಂತ ಕಡಿಮೆಯಾದಾಗ ಕಾಯಿಲ್ ಕಟಕಟ ಎನ್ನುತ್ತ ಹಿಡಿದು ಬಿಟ್ಟು, ಕೊನೆಗೆ ಸುಡುತ್ತದೆ.

ಓಡುತ್ತಿರುವಾಗ ಒಂದು ಫೇಸ್ ಹೋದರೆ ಉಳಿದೆರಡರಲ್ಲಿ ಕರೆಂಟು ಸುಮಾರು 1.7 ಪಟ್ಟಾಗುತ್ತದೆ. ಸಿಂಗಲ್ ಫೇಸ್ ಪ್ರಿವೆಂಟರ್ ಇಲ್ಲದಿದ್ದರೆ ರಿವೈಂಡಿಂಗ್ ಖರ್ಚು ಖಚಿತ. ಕರೆಂಟು ಬಂದೊಡನೆ ತಾನೇ ಚಾಲೂ ಆಗುವ ಆಟೋ ಸ್ಟಾರ್ಟರ್ ರೈತನ ನಿದ್ದೆ ಉಳಿಸುತ್ತದೆ, ಆದರೆ ಒಂದು ಫೀಡರಿನ ಎಲ್ಲ ಪಂಪುಗಳೂ ಅದೇ ಕ್ಷಣಕ್ಕೆ ಎದ್ದರೆ ಟ್ರಾನ್ಸ್‌ಫಾರ್ಮರಿನ ಮೇಲೆ ಎಲ್ಲ ಪ್ರಾರಂಭದ ಕರೆಂಟುಗಳೂ ಒಟ್ಟಿಗೆ ಬೀಳುತ್ತವೆ. ಒಂದೊಂದು ಪಂಪಿಗೆ ಬೇರೆ ಬೇರೆ ವಿಳಂಬ ಇಡುವುದು ಇದಕ್ಕೆ ಸುಲಭ ಉಪಾಯ.

ಕೊಳವೆಬಾವಿಯ ಸಬ್‌ಮರ್ಸಿಬಲ್ ಮೋಟರಿನ ಜಡತ್ವ ಬಹಳ ಕಡಿಮೆ. ಅದು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ವೇಗಕ್ಕೆ ಬರುತ್ತದೆ, ಅಷ್ಟೇ ಬೇಗ ನಿಧಾನವಾಗುತ್ತದೆ. ಸ್ಟಾರಿನಿಂದ ಡೆಲ್ಟಾಕ್ಕೆ ಬದಲಾಗುವ ಅಂತರದಲ್ಲೇ ವೇಗ ಬಿದ್ದುಹೋಗುವುದರಿಂದ ಸ್ಟಾರ್-ಡೆಲ್ಟಾದ ಪ್ರಯೋಜನ ಇಲ್ಲಿ ಕಡಿಮೆ, ಬಾವಿಗೆ ಇಳಿಸಬೇಕಾದ ತಂತಿ ಮಾತ್ರ ಮೂರರ ಬದಲು ಆರು.

ಆಯ್ಕೆಯ ಕ್ರಮ

ಅನುಭವಿಗಳು ಅನುಸರಿಸುವ ಕ್ರಮ ಹೀಗಿದೆ. ಮೊದಲು ಯಂತ್ರದ ವೇಗ-ಟಾರ್ಕ್ ಸ್ವಭಾವ ಮತ್ತು ಜಡತ್ವವನ್ನು ತಿಳಿಯಬೇಕು. ಅನಂತರ ಮೋಟರಿನ ನೇಮ್‌ಪ್ಲೇಟ್, ಪ್ರಾರಂಭದ ಕರೆಂಟು ಮತ್ತು ಟಾರ್ಕಿನ ಅಂಕಿಗಳನ್ನು ತಯಾರಕರಿಂದ ಪಡೆಯಬೇಕು. ಟ್ರಾನ್ಸ್‌ಫಾರ್ಮರ್ ಮತ್ತು ಕೇಬಲಿನಲ್ಲಿ ಆಗುವ ವೋಲ್ಟೇಜ್ ಕುಸಿತವನ್ನು ಲೆಕ್ಕ ಹಾಕಿ, ಡಿಒಎಲ್ ಸಲ್ಲುವುದಾದರೆ ಅಲ್ಲೇ ನಿಲ್ಲಬೇಕು. ಸಲ್ಲದಿದ್ದರೆ, ಹಗುರ ಪ್ರಾರಂಭಕ್ಕೆ ಸ್ಟಾರ್-ಡೆಲ್ಟಾ, ನಡುವಣ ಟಾರ್ಕಿಗೆ ಆಟೋಟ್ರಾನ್ಸ್‌ಫಾರ್ಮರ್, ಮೃದುವಾಗಿ ಏರಿ ಮೃದುವಾಗಿ ನಿಲ್ಲಬೇಕಾದಲ್ಲಿ ಸಾಫ್ಟ್ ಸ್ಟಾರ್ಟರ್, ಭಾರಿ ಟಾರ್ಕಿಗೆ ಅಥವಾ ವೇಗ ಬದಲಿಸಬೇಕಾದಲ್ಲಿ ವಿಎಫ್‌ಡಿ. ಗಂಟೆಗೆ ಎಷ್ಟು ಸಲ ಚಾಲೂ, ಧೂಳು, ಸೆಕೆ, ಎತ್ತರ ಇವು ಗಾತ್ರವನ್ನು ನಿರ್ಧರಿಸುತ್ತವೆ. ಎಲೆಕ್ಟ್ರಾನಿಕ್ ಸ್ಟಾರ್ಟರುಗಳ ಅಂಕಿಗಳು ಸಾಮಾನ್ಯವಾಗಿ 1,000 ಮೀಟರ್ ಎತ್ತರದವರೆಗೆ ಮಾತ್ರ ಅನ್ವಯಿಸುತ್ತವೆ. ಕೊಡಗು, ಚಿಕ್ಕಮಗಳೂರಿನ ಎತ್ತರದ ತೋಟಗಳಲ್ಲಿ ಒಂದು ಗಾತ್ರ ದೊಡ್ಡದನ್ನು ಪರಿಶೀಲಿಸಬೇಕಾಗಬಹುದು. ಕೊನೆಯದಾಗಿ ನೋಡಬೇಕಾದದ್ದು ಬೆಲೆ, ಮತ್ತು ಅದರ ಜೊತೆಗೇ, ಕೆಟ್ಟಾಗ ಅದನ್ನು ರಿಪೇರಿ ಮಾಡಬಲ್ಲವರು ಹತ್ತಿರದ ಊರಿನಲ್ಲಿದ್ದಾರೆಯೇ ಎಂಬ ಪ್ರಶ್ನೆ.